ಬಚ್ಚಲಿನ ಸ್ಟೂಲು

ಔಷಧಿ ಅಂಗಡಿ ಇಟ್ಟುಕೊಂಡವನಿಗೆ ವೆಲ್ಡಿಂಗ್ ಹುಚ್ಚು ಯಾಕೆ ಹಿಡಿಯಿತೋ, ಅವನ ಹೆಂಡತಿಗೂ ಗೊತ್ತಿಲ್ಲ. ವಾರವೆಲ್ಲ ಕೌಂಟರಿನ ಹಿಂದೆ ನಿಂತು, ಒಂದು ಕಾಯಿಲೆಯ ಮಾತ್ರೆಯನ್ನು ಇನ್ನೊಂದಕ್ಕೆ ನುಂಗಬೇಡಿ ಎಂದು ಬಂದವರಿಗೆಲ್ಲ ಬುದ್ಧಿ ಹೇಳುವ ಈ ಮಹಾಶಯ, ರಜೆ ಬಂತೆಂದರೆ ಹಿತ್ತಲಿನ ಶೆಡ್ಡಿನಲ್ಲಿ ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು ಕಿಡಿ ಹಾರಿಸುತ್ತಿದ್ದ. ಕಬ್ಬಿಣದ ಗೇಟು, ಹೂಕುಂಡದ ಸ್ಟ್ಯಾಂಡು ಚೆನ್ನಾಗಿಯೇ ಬಂದವು. ನಾಲ್ಕು ಜನ ಹೊಗಳಿದ್ದು ತಲೆಗೇರಿತು.

ಜೊತೆಯಲ್ಲೇ ಇದ್ದ ಅತ್ತೆಗೆ ಕೂತು ಸ್ನಾನ ಮಾಡಲು ಒಂದು ಸ್ಟೂಲು ಬೇಕಾಗಿತ್ತು. ತುಕ್ಕು ಹಿಡಿಯಬಾರದು, ಅವರೇ ಎತ್ತಿಡುವಷ್ಟು ಹಗುರವಾಗಿರಬೇಕು. ಹಾಗಾಗಿ ಅಲ್ಯೂಮಿನಿಯಂ. ಮಷೀನಿಗೆ ಅಲ್ಯೂಮಿನಿಯಂ ತಂತಿ ತಂದ. ವೆಲ್ಡಿಂಗ್ ಗ್ಯಾಸ್ ಮಾರುವ ಅಂಗಡಿಯವನು ಆಗಲೇ ಎಚ್ಚರಿಸಿದ್ದ.

“ನಿಮ್ಮ ಹತ್ರ ಇರೋ ಗ್ಯಾಸು ಕಬ್ಬಿಣಕ್ಕೆ ಹಾಕೋದು ಸಾರ್, ಆರ್ಗಾನ್‌ಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿರೋದು. ಅಲ್ಯೂಮಿನಿಯಂಗೆ ಬರೀ ಆರ್ಗಾನ್ ಬೇಕು.”

“ಕಾದ ಲೋಹಕ್ಕೆ ಗಾಳಿ ತಾಗದ ಹಾಗೆ ನೋಡ್ಕೊಳ್ಳೋದು ತಾನೇ ಗ್ಯಾಸಿನ ಕೆಲ್ಸ? ಯಾವುದಾದ್ರೇನು?” ಎಂದು ಇವನು ನಕ್ಕುಬಿಟ್ಟ.

ಅರ್ಧ ತುಂಬಿದ ಸಿಲಿಂಡರ್ ಶೆಡ್ಡಿನಲ್ಲೇ ಇತ್ತು. ಇನ್ನೊಂದನ್ನು ಹೊತ್ತು ತರಲು ಸೋಮಾರಿತನ, ಕೇಳಿ ಕಲಿಯಲು ಜಂಬ. ಬೆಸುಗೆ ಮಸಿ ಹಿಡಿದು, ಒಳಗೆಲ್ಲ ತೂತು ತೂತಾಗಿ ಬಂತು. ಉಜ್ಜಿದ, ತೂತಿಗೆ ಪುಟ್ಟಿ ಮೆತ್ತಿದ, ಮೇಲೆ ಬೆಳ್ಳಿ ಬಣ್ಣ ಬಳಿದ. ತಾನೊಮ್ಮೆ ಕೂತು ನೋಡೋಣ ಎಂದುಕೊಂಡವನು ಯಾಕೋ ಕೂರಲಿಲ್ಲ. ಯಾಕೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಅತ್ತೆ ಮಾತ್ರ ಪಕ್ಕದ ಮನೆಯವರನ್ನು ಬಚ್ಚಲಿಗೇ ಕರೆದುಕೊಂಡು ಬಂದು ತೋರಿಸಿದರು. “ನಮ್ಮ ಅಳಿಯ ಕೈಯಾರೆ ಮಾಡಿದ್ದು” ಎಂದರು. ಅವನು ಹಲ್ಲು ಕಿರಿದ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಧಡ್ ಎಂದಿತು. ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವನು ಓಡಿಬಂದ. ಅತ್ತೆ ಹೇಗೋ ಟವೆಲ್ ಸುತ್ತಿಕೊಂಡು, ತೆವಳಿ ಬಂದು ಚಿಲಕ ತೆಗೆದರು. ಸ್ಟೂಲಿನ ಒಂದು ಕಾಲು ಬೆಸುಗೆಯ ಜಾಗದಲ್ಲೇ ಕಿತ್ತು ಮೂಲೆಯಲ್ಲಿ ಬಿದ್ದಿತ್ತು.

“ಅಳಿಯಂದ್ರೇ, ಅವಳು ನೋಡೋ ಮೊದ್ಲು ಅದನ್ನ ಎತ್ಕೊಂಡು ಹೋಗಿ” ಎಂದರು ಅತ್ತೆ, ಮಣಿಕಟ್ಟು ಹಿಡಿದುಕೊಂಡು.

ಅವನು ಹೋದ. ಅತ್ತೆಯನ್ನು ಎತ್ತುವ ಮೊದಲು ಸ್ಟೂಲನ್ನು ಎತ್ತಿಕೊಂಡು ಶೆಡ್ಡಿಗೆ ಹೋದ.

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. “ಕಾಲು ಜಾರ್ತು ಕಣೇ” ಎಂದು ಅತ್ತೆ ಮಗಳಿಗೆ ಹೇಳಿದರು. ಅವನು ಪಕ್ಕದಲ್ಲೇ ನಿಂತು ಬ್ಯಾಂಡೇಜು ಸುತ್ತುತ್ತಿದ್ದ. ಮಗಳು ಗದರಿದಳು. ಇನ್ನು ಮುಂದೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವಂತಿಲ್ಲ ಎಂದವಳೇ ಸ್ಕ್ರೂಡ್ರೈವರ್ ತಂದು ಚಿಲಕವನ್ನೇ ಬಿಚ್ಚಿ ಹಾಕಿದಳು. ಅತ್ತೆ ನೋಡುತ್ತಿದ್ದರು.

ಮಾರನೆಯ ದಿನದಿಂದ ಕೆಮ್ಮು ಶುರುವಾಯಿತು. ಕಾಯಿಲೆಯ ಕೆಮ್ಮಲ್ಲ. ಒಳಗೆ ನಾನಿದ್ದೇನೆ, ಯಾರೂ ಬರಬೇಡಿ ಎಂಬ ಕೆಮ್ಮು. ಹೊರಗೆ ಹೆಜ್ಜೆ ಸದ್ದಾದರೆ ಸಾಕು, ನೀರು ಸುರಿಯುವುದು ನಿಂತು ಕೆಮ್ಮು ಬರುತ್ತಿತ್ತು. ಮುಂದಿನ ರಜೆಯ ದಿನ ಶೆಡ್ಡಿಗೂ ಅದು ಕೇಳಿಸಿತು. ಜೀವಮಾನವೆಲ್ಲ ಮರ್ಯಾದೆಯಿಂದ ಬಾಳಿದ ಹೆಂಗಸು ತನ್ನ ದೆಸೆಯಿಂದ ಹೀಗೆ ಕೆಮ್ಮಿಕೊಂಡು ಮೈ ತೊಳೆಯಬೇಕಾಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ, ಮುರಿದ ಕಾಲನ್ನು ತಂದು ಮೇಜಿನ ಮೇಲಿಟ್ಟ. ಮುರಿದ ಕಡೆ ಅಲ್ಯೂಮಿನಿಯಂ ಒಣಗಿದ ಬ್ರೆಡ್ಡಿನ ಹಾಗೆ ತೂತು ತೂತಾಗಿತ್ತು.

“ಅತ್ತೆ ಜಾರಿ ಬಿದ್ದಿದ್ದಲ್ಲ. ಇದು ಮುರೀತು. ಗ್ಯಾಸು ಬೇರೆ ಬೇಕು ಅಂತ ಅಂಗಡಿಯವನು ಹೇಳಿದ್ದ, ನಾನು ಕೇಳ್ಲಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದೇ ಬಣ್ಣ ಬಳ್ದೆ” ಎಂದ. ನಂತರ, ಅತ್ತೆಯನ್ನು ಎತ್ತುವ ಮೊದಲೇ ಸ್ಟೂಲನ್ನು ಅಡಗಿಸಿಟ್ಟದ್ದನ್ನೂ ಹೇಳಿದ.

ಹೆಂಡತಿ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಮೆಲ್ಲಗೆ ಕೇಳಿದಳು, “ಅಮ್ಮ ಕೆಳಗೆ ಬಿದ್ದಿರೋವಾಗ ನೀವು ಸ್ಟೂಲು ಎತ್ಕೊಂಡು ಹೋದ್ರಾ?”

“ನಾನೇ ಹೇಳಿದ್ದು ಕಣೇ” ಎಂದರು ಅತ್ತೆ.

“ನೀನು ಹೇಳ್ದೆ. ಇವರು ಹೋದ್ರು.”

ಅವನ ತಲೆ ತಟ್ಟೆಯವರೆಗೂ ಬಗ್ಗಿತು. ಹೆಂಡತಿ ಎದ್ದು ಹೋಗಿ ಚಿಲಕ, ಸ್ಕ್ರೂಗಳನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

ಅವನು ಬಚ್ಚಲಿನ ಬಾಗಿಲಿಗೆ ಚಿಲಕ ಕೂರಿಸುತ್ತಿದ್ದಾಗ ಅತ್ತೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು.

“ಇನ್ನೊಂದು ಸ್ಟೂಲು ಬೇಕಲ್ಲ.”

“ಅಂಗಡಿಯಿಂದ ಒಳ್ಳೇದು ತರ್ತೀನಿ ಅತ್ತೆ.”

“ಅಂಗಡೀದು ಯಾಕೆ? ಆ ಇನ್ನೊಂದು ಗ್ಯಾಸು ತಂದು ನೀವೇ ಮಾಡಿ. ನಾನು ಕೂರ್ತೀನಿ.” ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದರು, “ಬಣ್ಣ ಮಾತ್ರ ಬಳೀಬೇಡಿ.”

ಅವನು ಕೊನೆಯ ಸ್ಕ್ರೂ ಬಿಗಿಯಾಗಿದ್ದರೂ ತಿರುಗಿಸುತ್ತಲೇ ಇದ್ದ. ಅತ್ತೆ ಒಳಗೆ ಹೋಗಿ ಮುಖ ತೊಳೆಯಲು ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದಾಯಿತು. ನಲ್ಲಿ ಬಿಟ್ಟ ಸದ್ದಾಯಿತು. ಅವನು ಬಾಗಿಲಿಂದ ದೂರ ಹೋಗಿ ನಡುಮನೆಯಲ್ಲಿ ನಿಂತ, ಆಮೇಲೆ ಬೇಕೆಂದೇ ಹೆಜ್ಜೆ ಸದ್ದು ಮಾಡುತ್ತ ಬಚ್ಚಲಿನ ಮುಂದೆ ಹಾದು ಹೋದ. ಒಳಗಿಂದ ನೀರಿನ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ.