ಪಾಲಪ್ಪ ಹಿಂದೆ ಕುಳಿತದ್ದು

ಕಂಪ್ಲಿಯ ಹೊಳೆಯಲ್ಲಿ ನಲವತ್ತು ವರ್ಷ ಹರಿಗೋಲು ಹಾಕಿದ ಪಾಲಪ್ಪನಿಗೆ ಉಳಿದಿದ್ದ ಆಸೆ ಒಂದೇ: ಮೈಯಲ್ಲಿ ಕಸುವಿರುವಷ್ಟು ದಿನ ನೀರಿನ ಮೇಲಿರಬೇಕು. ಮಗಳ ಊರೆಂದು ಸಂಡೂರಿನ ಕಡೆ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಅವನ ಕಾಲಡಿ ಬರೀ ಕೆಮ್ಮಣ್ಣು. ರಸ್ತೆ ತುಂಬ ಅದಿರಿನ ಲಾರಿ, ಬೇವಿನ ಎಲೆಯೂ ಕೆಂಪು. ಆದರೆ ಗುಡ್ಡ ಹತ್ತಿ ಆಚೆ ಇಳಿದರೆ ಕಾಡಿನ ನಡುವೆ ಕರಡಿಕೊಳ್ಳದ ಕೆರೆ. ಅಲ್ಲಿ ಲಾರಿಯ ಸದ್ದಿಲ್ಲ, ಧೂಳಿಲ್ಲ. ಗಂಗಮ್ಮ ತನಗೆಂದೇ ಎತ್ತಿಟ್ಟುಕೊಂಡಂತಿತ್ತು ಆ ನೀರು.

ದೋಣಿಮಲೈ ಗಣಿಯ ಇಂಜಿನಿಯರ್ ಭಾರ್ಗವ್ ಆ ದಂಡೆಯಲ್ಲಿ ಡೇರೆ ಹಾಕಿಸಿ, ಶನಿವಾರ ಭಾನುವಾರ ಕಾಲೊನಿಯವರನ್ನು ಗುಡ್ಡ ಹತ್ತಿಸಿ ಕರೆತರುವ ಏರ್ಪಾಟು ಮಾಡಿದ್ದರು. ಫೈಬರಿನ ಉದ್ದನೆಯ ದೋಣಿಯೊಂದನ್ನೂ ತರಿಸಿದ್ದರು. ಅದನ್ನು ನಡೆಸಲು ಆಳು ಬೇಕೆಂಬ ಸುದ್ದಿ ಕೇಳಿ, ಪಾಲಪ್ಪ ಹೆಂಡತಿ ದುರುಗವ್ವನ ಜೊತೆ ಬೆಳಗ್ಗೆಯೇ ಬಂದ. ಚಪ್ಪಲಿ ಬಿಟ್ಟು, ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡು, ನೇರವಾಗಿ ದೋಣಿಯ ಮುಂದಿನ ತುದಿಗೆ ಹೋಗಿ ಕುಳಿತ. ನಡೆಸುವವರು ಹಿಂದೆ ಕೂರಬೇಕೆಂದು ಭಾರ್ಗವ್ ತಿಳಿಹೇಳಿದರು. ಅವನು ಒಪ್ಪಲಿಲ್ಲ.

“ಕಲ್ಲು ಬಡದ್ರ ಮೊದ್ಲು ನನಗ ಬಡೀಬೇಕ್ರಿ ಸಾಹೇಬ್ರ, ಕುಂತ ಮಂದಿಗಲ್ಲ. ಹೊಳಿ ದಾಟ್ಸಾವ ಹಿಂದ ಕುಂದ್ರಂಗಿಲ್ಲ.”

ಭಾರ್ಗವ್ ನಕ್ಕು ಅವನ ಹಿಂದೆ ಕುಳಿತರು. ಪಾಲಪ್ಪ ರೂಢಿಯಂತೆ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಂಡ. ದುಂಡನೆಯ ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ, ಎಳೆದತ್ತ ಬರುತ್ತದೆ. ಈ ದೋಣಿ ಮಾತ್ರ ತನ್ನ ಬಾಲ ಹಿಡಿಯಲು ಹೊರಟ ನಾಯಿಯ ಹಾಗೆ ಇದ್ದಲ್ಲೇ ಸುತ್ತತೊಡಗಿತು. ಮೂರು ಸುತ್ತು, ನಾಲ್ಕು ಸುತ್ತು. ಹೇಗೋ ದಂಡೆಗೆ ಬಂದ ಮೇಲೆ ಭಾರ್ಗವ್ ಮೆತ್ತಗೆ, ಮುಂದೆ ನೋಡೋಣ ಎಂದರು. ಆ ಮಾತಿನ ಅರ್ಥ ಪಾಲಪ್ಪನಿಗೆ ಗೊತ್ತಿತ್ತು. ಹುಟ್ಟನ್ನು ದೋಣಿಯೊಳಗಿಟ್ಟು, ಒದ್ದೆ ಕೈ ಒರೆಸಿಕೊಳ್ಳದೆ ಹಾಗೆಯೇ ನಿಂತ.

ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದುರುಗವ್ವ ಬಾಯಿ ತೆರೆದಳು.

“ನಮ್ಮಪ್ಪ ಏನು ಎತ್ತಿನ ಮುಂದ ನಿಂತು ನೇಗಲಾ ಹೊಡೀತಿದ್ನಾ? ಹಿಂದಿದ್ದ, ಸಾಲು ನೆಟ್ಟಗ ಬರ್ತಿತ್ತು. ಅವನೇನು ಎತ್ತು ಕಾಯಲಿಲ್ಲಾ?”

ಪಾಲಪ್ಪ ನೀರಿನ ಅಂಚಿಗೆ ಹೋದ. ಇಷ್ಟು ವರ್ಷ ತನ್ನನ್ನು ಸುಳಿ ದಾಟಿಸಿದ ಗಂಗಮ್ಮನೂ ಒಂದು ದಿನವಾದರೂ ಎದುರಿಗೆ ಬಂದು ಕುಳಿತವಳಲ್ಲ. ಮತ್ತೆ ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡ. ಇನ್ನೊಂದು ಸಲ ನೋಡುತ್ತೇನೆಂದು ಸಾಹೇಬರನ್ನು ಕೇಳಿ, ಅವರನ್ನು ಮುಂದೆ ಕೂರಿಸಿ ತಾನು ಹಿಂದಿನ ತುದಿಯಲ್ಲಿ ಕುಳಿತ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕಿದ. ಮೊದಲು ಸೊಟ್ಟಗೆ ಹೋದ ದೋಣಿ ಮೆಲ್ಲಗೆ ತಿದ್ದಿಕೊಂಡು ಕೆರೆಯ ನಡುವಿಗೆ ಸಾಲು ಹೊಡೆದಂತೆ ಸಾಗಿತು. ತಿರುಗಿ ಬರುವಷ್ಟರಲ್ಲಿ ಭಾರ್ಗವ್ ಶನಿವಾರದಿಂದಲೇ ಬರಲು ಹೇಳಿಯಾಗಿತ್ತು.

ಅವರು ಇಳಿದ ಮೇಲೆ ದುರುಗವ್ವ ಸೀರೆ ಎತ್ತಿಕಟ್ಟಿ ಮುಂದಿನ ತುದಿಯಲ್ಲಿ ಕುಳಿತಳು.

“ಈಗ ಕಲ್ಲು ಬಡದ್ರ ಮೊದ್ಲು ನನಗಾ ಬಡೀತೈತಿ, ಹೌದಲ್ಲ?”

“ನೀ ಮುಂದ ಕುಂತೀದಿ ಅಂದ್ರ ಕಲ್ಲಾ ಸರಕೊಂತೈತಿ ಬಿಡು” ಎಂದು ಪಾಲಪ್ಪ ಹುಟ್ಟು ಹಾಕಿದ.