ಹಾರದ ಹೆಬ್ಬೆರಳು

ನನ್ನ ನಾದಿನಿ ನಕ್ಷತ್ರಗಳ ದೂರ ಅಳೆಯುತ್ತಾಳೆ. ಅದಕ್ಕೆ ಅವಳಿಗೆ ಸಂಬಳ ಬೇರೆ ಕೊಡುತ್ತಾರೆ. ನಾನು ಗೋಡೌನಿನಲ್ಲಿ ಚೀಲದ ಬಾಯಿ ಹೊಲಿಯುತ್ತೇನೆ; ನನ್ನ ಗಂಡ ಅಲ್ಲೇ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ರಜೆಗೆ ಬಂದಿದ್ದ ನಾದಿನಿಯನ್ನು ಆ ಭಾನುವಾರ ತಿಂಡಿಯ ಹೊತ್ತಿಗೆ ನಾನೇ ಕೆಣಕಿದೆ.

“ಟೇಪು ಹಿಡ್ಕೊಂಡು ಅಲ್ಲಿಗೆ ಹೋಗೋಕಾಗಲ್ಲ. ಬಾಯಿಗೆ ಬಂದದ್ದು ಬರೆದು ಕೊಡ್ತೀಯ ತಾನೆ?”

“ಕೈ ಚಾಚಿ ಅತ್ತಿಗೆ. ಹೆಬ್ಬೆರಳು ಎತ್ತಿ. ಎಡಗಣ್ಣು ಮುಚ್ಚಿ, ಬೆರಳು ಕಿಟಕಿಯ ಯಾವ ಸರಳಿನ ಮೇಲಿದೆ ನೋಡಿ. ಈಗ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿ.”

ಕೈ ಅಲ್ಲಾಡಿಸದಿದ್ದರೂ ನನ್ನ ಹೆಬ್ಬೆರಳು ಒಂದು ಸರಳಿನಿಂದ ಇನ್ನೊಂದಕ್ಕೆ ಹಾರಿತು.

“ಹತ್ತಿರ ಇದ್ರೆ ಜಾಸ್ತಿ ಹಾರುತ್ತೆ, ದೂರ ಇದ್ರೆ ಕಡಿಮೆ. ನಕ್ಷತ್ರಕ್ಕೆ ನಮ್ಮ ಎರಡು ಕಣ್ಣಿನ ನಡುವಿನ ಜಾಗ ಏನೇನೂ ಸಾಲಲ್ಲ. ಅದಕ್ಕೇ ಇವತ್ತೊಂದು ಸಲ ನೋಡ್ತೀವಿ. ಆರು ತಿಂಗಳಾದ್ಮೇಲೆ ಭೂಮಿ ಸೂರ್ಯನ ಆ ಕಡೆ ಹೋಗಿರುತ್ತಲ್ಲ, ಅಲ್ಲಿಂದ ಇನ್ನೊಂದು ಸಲ. ಎಷ್ಟು ಸರಿದಿದೆ ಅಂತ ಸಿಕ್ಕಿದ್ರೆ ದೂರ ಸಿಕ್ಕಿದ ಹಾಗೇ. ತೀರಾ ದೂರದ್ದು ಸರಿಯೋದೇ ಕಾಣಲ್ಲ. ಅಣ್ಣ, ನೀನೂ ನೋಡು.”

ಇವರು ಕೈ ಚಾಚಿ ಮುಖ ಕಿವುಚಿದರು. “ಎಲ್ಲೂ ಹಾರ್ಲಿಲ್ಲ ಕಣೆ. ಅಲ್ಲೇ ಇದೆ.”

“ನಿನ್ನ ಹೆಬ್ಬೆರಳೂ ನಕ್ಷತ್ರ ಆಗೋಯ್ತಾ?” ಅವಳು ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ. ಇವರು ಎರಡು ಸಲವೂ ಬಲಗಣ್ಣನ್ನೇ ತೆರೆದಿಟ್ಟಿದ್ದರು. ಈಚೆಗೆ ನೀರನ್ನು ಲೋಟದ ಹೊರಗೆ ಸುರಿಯುತ್ತಿದ್ದರು. ಗಾಡಿಯನ್ನು ರ‍್ಯಾಕಿಗೆ ಗುದ್ದಿಸಿ, ಬ್ರೇಕ್ ಸರಿಯಿಲ್ಲವೆಂದು ಮೆಕ್ಯಾನಿಕ್ಕನ ಮೇಲೆ ಹರಿಹಾಯ್ದಿದ್ದರು. ನಾನು ಎದ್ದು ಹೋಗಿ ಇವರ ಬಲಗಣ್ಣಿಗೆ ಅಂಗೈ ಅದುಮಿದೆ.

“ಈಗ ಹೇಳಿ. ಬೆರಳೆಲ್ಲಿ?”

“ಕೈ ತೆಗಿ.”

“ಬೆರಳೆಲ್ಲಿ ರೀ?”

“ಬರೀ ಮಂಜು. ಅದರೊಳಗೆ ಏನೋ ಅಲ್ಲಾಡುತ್ತೆ. ಸಾಕಾ?”

ಮರುದಿನ ಕಣ್ಣಿನ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು: ಎಡಗಣ್ಣಿನೊಳಗೆ ಒಂದು ಮುತ್ತಿನಂಥ ಗುಳ್ಳೆ, ಅದರೊಳಗೆ ಒಂದು ಬಿಳಿ ಚುಕ್ಕೆ. ಚುಕ್ಕೆ ಮೆಲ್ಲಗೆ ಕತ್ತು ಚಾಚುತ್ತಿತ್ತು. ಅದು ಲಾಡಿಹುಳದ ಮರಿ ಎಂದರು. ನೀರಲ್ಲೋ, ತೊಳೆಯದ ಸೊಪ್ಪಲ್ಲೋ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ರಕ್ತದ ಜೊತೆ ಕಣ್ಣಿಗೆ ಬಂದಿದೆಯಂತೆ.

“ನೋವೇ ಇಲ್ವಲ್ಲ ಮೇಡಂ?” ಎಂದರು ಇವರು.

“ನೋವು ಕೊಟ್ರೆ ಅದಕ್ಕೇ ನಷ್ಟ. ದೇಹಕ್ಕೆ ಸುಳಿವು ಕೊಡದೆ ಉಂಡು ಮಲಗೋದೇ ಅದರ ಬದುಕು. ಒಳಗೇ ಸತ್ತರೆ ಆಗ ನಿಮ್ಮ ದೇಹ ಎದ್ದು ಕೂತು ಜಗಳಕ್ಕೆ ನಿಲ್ಲುತ್ತೆ, ಊದಿಕೊಂಡು ಕಣ್ಣೇ ಹೋಗುತ್ತೆ. ಬದುಕಿರುವಾಗಲೇ ತೆಗೀಬೇಕು. ತಲೆಗೂ ಸ್ಕ್ಯಾನ್ ಆಗ್ಲಿ, ಆಪರೇಷನ್ ಈ ವಾರವೇ. ಅಲ್ಲೀವರೆಗೆ ಗಾಡಿ ಮುಟ್ಟಬೇಡಿ.”

ಬಸ್ ಸ್ಟಾಪಿನಲ್ಲಿ ಇವರು ಬಾಯಿಬಿಟ್ಟರು. “ಆಪರೇಷನ್ ಅಂದ್ರೆ ಸೂಪರ್‌ವೈಸರ್‌ಗೆ ಗೊತ್ತಾಗುತ್ತೆ. ಕೀ ಕಿತ್ಕೋತಾನೆ, ಮತ್ತೆ ಕೊಡಲ್ಲ. ಅದು ಸುಮ್ನಿದೆ, ನಾನೂ ಸುಮ್ನಿರ್ತೀನಿ. ನೀನೂ ಬಾಯಿ ಮುಚ್ಕೊಂಡಿರು.”

“ಕಣ್ಣಲ್ಲಿ ಪುಕ್ಕಟೆ ಬಿಡಾರ ಹೂಡಿರೋನ ಪರವಾಗಿ ವಕಾಲತ್ತು ಬೇರೆ!”

ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ.

ಮಾರನೆಯ ಬೆಳಗ್ಗೆ ಇವರು ನನಗಿಂತ ಮುಂಚೆ ಗೋಡೌನಿಗೆ ಹೋಗಿ ಗಾಡಿ ಹತ್ತಿದ್ದರು. ನನಗೆ ಒಂದು ಕಡೆ ಕೂರಲಾಗಲಿಲ್ಲ. ಹೊಲಿಗೆ ಸೊಟ್ಟಾಯಿತು, ಬಿಚ್ಚಿದೆ, ಮತ್ತೆ ಸೊಟ್ಟಾಯಿತು. ಗಾಡಿ ಹಿಂದೆ ಬರುವ ಪೀಂ ಪೀಂ ಸದ್ದು ಕೇಳಿದಾಗಲೆಲ್ಲ ಕತ್ತು ಎತ್ತುತ್ತಿದ್ದೆ. ಒಂದೊಂದು ಹೊರೆ ಎತ್ತುವ ಮುಂಚೆಯೂ ಇವರು ಕೋಳಿಯ ಹಾಗೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸುತ್ತಿದ್ದರು. ಆಮೇಲೆ ಹೊಳೆಯಿತು. ತಂಗಿ ಹೇಳಿದ ಪಾಠ! ಎರಡನೇ ಕಣ್ಣಿಲ್ಲದಿದ್ದರೆ ಒಂದೇ ಕಣ್ಣಿನಿಂದ ಎರಡು ಜಾಗದಲ್ಲಿ ನಿಂತು ನೋಡುವುದು. ಬುದ್ಧಿಗೇನೂ ಕಮ್ಮಿಯಿಲ್ಲ, ಹಾಳಾದ್ದು.

ಆದರೆ ನಕ್ಷತ್ರ ಕಾಯುತ್ತದೆ, ಮನುಷ್ಯ ಕಾಯುವುದಿಲ್ಲ. ಹಮಾಲಿಯೊಬ್ಬ ಬೆನ್ನು ತಿರುಗಿಸಿ ಬಗ್ಗಿದ್ದ. ಗಾಡಿಯ ಎರಡು ಕಬ್ಬಿಣದ ಕೈಗಳು ಸೊಂಟದೆತ್ತರಕ್ಕೆ ಅವನತ್ತ ಬಂದವು. ನಾನು ಕಿರುಚಿದೆ. ಅವನು ಪಕ್ಕಕ್ಕೆ ಹಾರಿ ಇವರ ವಂಶವನ್ನೆಲ್ಲ ಬೈದ. ಗಾಡಿ ನಿಂತಿತು. ಅವನಿದ್ದ ಜಾಗದಲ್ಲಿ ನಾನು ಹೋಗಿ ನಿಂತೆ.

“ಏಯ್, ತಲೆ ಕೆಟ್ಟಿದೆಯಾ? ಆಚೆ ಹೋಗೆ!”

“ಹೋಗ್ತೀನಿ. ಈ ಕಬ್ಬಿಣಕ್ಕೂ ನನಗೂ ಎಷ್ಟು ದೂರ, ಹೇಳಿ.”

“ಎಲ್ಲರೂ ನೋಡ್ತಿದಾರೆ.”

“ನೋಡ್ಲಿ. ಎಷ್ಟು?”

ಇವರು ತಲೆಯನ್ನು ಆಚೆಗಾಡಿಸಿದರು, ಈಚೆಗಾಡಿಸಿದರು. “ಒಂದು ಮಾರು. ಜಾಸ್ತೀನೇ ಇದೆ.”

ನಾನು ಕಾಲು ಕದಲಿಸಲಿಲ್ಲ, ಬಗ್ಗಲೂ ಇಲ್ಲ. ಮೊಣಕೈ ಮಡಚಿದ ಹಾಗೇ ಕಬ್ಬಿಣದ ತುದಿಯ ಮೇಲೆ ಅಂಗೈ ಇಟ್ಟು ಪಟಪಟನೆ ತಟ್ಟಿದೆ.

ಇವರು ನನ್ನ ಕೈಯನ್ನೇ ನೋಡಿದರು. ಹಮಾಲಿಯನ್ನು ನೋಡಿದರು. ಎಂಜಿನ್ ಆಫ್ ಆಯಿತು. ಕೆಳಗಿಳಿಯುವಾಗ ಕಾಲು ಮೆಟ್ಟಿಲು ತಪ್ಪಿತು. ನಾನು ಅವರ ರಟ್ಟೆ ಹಿಡಿದೆ.

“ಬಿಡು. ಸೂಪರ್‌ವೈಸರ್ ರೂಮು ನನಗೆ ಕಾಣುತ್ತೆ.”

“ನಿಮಗೆ ಕಾಣುತ್ತೆ ರೀ. ಕಾಲು ನಡುಗ್ತಿರೋದು ನನಗೆ.”

ಅವರು ನನ್ನ ಕೈ ಹಿಡಿದೇ ಆ ರೂಮಿನ ಕಡೆ ನಡೆದರು. ಒಪ್ಪಿಸಲೆಂದು ತೆಗೆದ ಗಾಡಿಯ ಕೀ ಅವರ ಇನ್ನೊಂದು ಮುಷ್ಟಿಯಲ್ಲಿತ್ತು.