ಉತ್ತರದ ತುದಿಗೆ ಇಡ್ಲಿ ಹಿಟ್ಟು

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ನಾಸಿಕದಲ್ಲಿ ಜಯಕರಣ್ಣನ ಹೋಟೆಲಿಗೆ ಬರುವವರಿಗೆಲ್ಲ ಭೂಗೋಳ ಕಲಿಸಿದವನು ನಾನೇ. ದೋಸೆ ಹೊಯ್ಯುತ್ತ ಹೊಯ್ಯುತ್ತ ಕಲಿಸುತ್ತಿದ್ದೆ. ಜಗತ್ತಿನ ಉತ್ತರದ ತುದಿಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದಿಲ್ಲ ಎಂಬುದು ಆ ಓಣಿಯವರಿಗೆ ತಿಳಿದದ್ದು ನನ್ನಿಂದ. ಅಷ್ಟು ನಿಜ, ನನಗೆ ಅದನ್ನು ಹೇಳಿದವನು ಮಲ್ಪೆಯ ಒಬ್ಬ ಹಡಗಿನ ಖಲಾಸಿ. ಉಳಿದದ್ದು ನನ್ನ ಒಗ್ಗರಣೆ.

ಒಗ್ಗರಣೆ ಹೀಗಿತ್ತು. ದೊಡ್ಡ ಯುದ್ಧದ ಕಾಲದಲ್ಲಿ ನಾನು ಮಿಲಿಟರಿಯ ಅಡುಗೆಯವನಾಗಿ ಲಾರಿಗಳ ಸಾಲಿನ ಜೊತೆ ಇರಾನಿನಿಂದ ಹೊರಟು, ರಸ್ತೆ ಮುಗಿಯುವ ತನಕ ಉತ್ತರಕ್ಕೆ ಹೋಗಿ ಬಂದವನು. ಅಲ್ಲಿ ಚಹಾವನ್ನು ಎತ್ತರದಿಂದ ಲೋಟಕ್ಕೆ ಹೊಯ್ದರೆ ನಡುದಾರಿಯಲ್ಲೇ ಗಟ್ಟಿಯಾಗಿ ಕೋಲಾಗುತ್ತದೆ. ಅದಕ್ಕೇ ಅಲ್ಲಿಯವರು ಚಹಾವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಪಾತ್ರೆ ತಿಕ್ಕುವ ಕೆಲಸವಂತೂ ಇಲ್ಲವೇ ಇಲ್ಲ. ತಳಕ್ಕೆ ಅಂಟಿದ ಅನ್ನ ಮಂಜುಗಡ್ಡೆಯಾಗಿರುತ್ತದೆ. ಬೆರಳಿನಿಂದ ತಟ್ಟಿದರೆ ಅಚ್ಚುಬೆಲ್ಲದ ಹಾಗೆ ಕಳಚಿ ಬೀಳುತ್ತದೆ. ಈ ಪಾತ್ರೆಯ ಮಾತನ್ನು ನಾನು ನಮ್ಮ ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಶಾಂತಾಬಾಯಿಗೆಂದೇ ಸೇರಿಸಿದ್ದು. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ, ಬೂದಿ ಹಾಕಿ ತಿಕ್ಕುವಾಗಲೆಲ್ಲ ಒಮ್ಮೆ ಉತ್ತರ ದಿಕ್ಕಿಗೆ ನೋಡುತ್ತಿದ್ದಳು.

ಯುದ್ಧದ ಆ ವರ್ಷಗಳಲ್ಲಿ ನಾನು ಇದ್ದದ್ದು ಹುಬ್ಬಳ್ಳಿಯ ಒಂದು ಹೋಟೆಲಿನ ಹಿಂಬದಿಯಲ್ಲಿ, ಚಟ್ನಿ ರುಬ್ಬುತ್ತ. ಆದರೆ ಹನ್ನೆರಡು ವರ್ಷ ಒಂದೇ ಊರಿನ ಮೇಲೆ ಸುಳ್ಳು ಹೇಳಿದರೆ ಆ ಊರಿನ ಮೇಲೆ ಪ್ರೀತಿ ಹುಟ್ಟಿಬಿಡುತ್ತದೆ. ಸಾಯುವುದರೊಳಗೆ ಒಮ್ಮೆ ಹೋಗಿ ನೋಡಬೇಕು ಅನ್ನಿಸುತ್ತಿತ್ತು. ಹೇಗೆ ಹೋಗುವುದು ಅಂತ ಮಾತ್ರ ಗೊತ್ತಿರಲಿಲ್ಲ.

ಅರುವತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ ದಾರಿ ತಾನಾಗಿ ಹೋಟೆಲಿಗೆ ಬಂತು. ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರು ಪ್ರತಿ ರವಿವಾರ ನಮ್ಮಲ್ಲಿಗೆ ತಿಂಡಿಗೆ ಬರುತ್ತಿದ್ದರು. ಒಬ್ಬರು ತುಮಕೂರಿನ ಕಡೆಯ ತಿಮ್ಮಯ್ಯನವರು, ಬಿಡಿಭಾಗಗಳನ್ನು ತಪಾಸಣೆ ಮಾಡುವವರು, ಮಾತು ಕಮ್ಮಿ. ಇನ್ನೊಬ್ಬರು ಗದಗಿನ ವಿಶ್ವನಾಥಪ್ಪನವರು, ಸ್ಟೋರು ನೋಡಿಕೊಳ್ಳುವವರು, ಹೊಟ್ಟೆ ದೊಡ್ಡದು. ಆ ರವಿವಾರ ಅವರು ಮೇಜಿನ ಮೇಲೆ ಒಂದು ನಕಾಶೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಟ್ನಿ ಬಟ್ಟಲು ಇಟ್ಟು ಕುಳಿತರು. ದೇವಳಾಲಿ ಕ್ಯಾಂಪಿನ ಹರಾಜಿನಲ್ಲಿ ಮಿಲಿಟರಿಯ ಹಳೇ ಜೀಪೊಂದನ್ನು ಕೊಂಡಿದ್ದರಂತೆ. ಬರುವ ಮೇ ತಿಂಗಳಲ್ಲಿ ಮುಂಬಯಿಯಿಂದ ಅದನ್ನು ಹಡಗಿನಲ್ಲಿ ಇರಾನಿಗೆ ದಾಟಿಸಿ, ಅಲ್ಲಿಂದ ರಸ್ತೆಯಲ್ಲೇ ತುರ್ಕಿ, ಜರ್ಮನಿ, ಸ್ವೀಡನ್ ಹಾದು ನಾರ್ವೆಯ ಕೊನೆಗೆ, ನೆಲ ಮುಗಿದು ಹಿಮದ ಸಮುದ್ರ ಶುರುವಾಗುವಲ್ಲಿಗೆ.

"ಎಂತಕ್ಕೆ ಅಷ್ಟು ದೂರ?" ಜಯಕರಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೇಳಿದ.

"ಮೂರು ವರ್ಷ ನೈಟ್ ಶಿಫ್ಟ್ ಮಾಡಿದೀನಿ ಕಣ್ರೀ," ಅಂದರು ತಿಮ್ಮಯ್ಯನವರು. "ರಾತ್ರಿನೇ ಇಲ್ಲದ ಊರು ಒಂದ್ಸಲ ನೋಡ್ಬೇಕು."

ಜೀಪಿನಲ್ಲಿ ಮೂರು ಸೀಟು. ಇಬ್ಬರು ಇವರು. ಮೂರನೆಯದಕ್ಕೆ ವಿಶ್ವನಾಥಪ್ಪನವರು ತಮ್ಮ ಭಾವಮೈದುನ ಸುಧಾಕರನನ್ನು ಹಾಕಬೇಕೆಂದಿದ್ದರು, ಅವನು ಗ್ಯಾರೇಜಿನವನು. ತಿಮ್ಮಯ್ಯನವರು ಕೂತಲ್ಲಿಂದ ನನ್ನ ಕಡೆ ತಿರುಗಿದರು. "ರೆಂಚು ಹಿಡಿಯೋಕೆ ನಾನಿದೀನಿ. ದಾರಿ ಕಂಡವರು, ಅಡುಗೆ ಬಲ್ಲವರು ಇವರು. ಏನಂತೀರಿ ಭುಜಂಗರೇ?"

ಕೈಯಲ್ಲಿದ್ದ ಸಟ್ಟುಗ ಕಾವಲಿಯ ಮೇಲೆ ನಿಂತಿತು. ಆ ದೋಸೆ ಸೀದುಹೋಯಿತು. ಹನ್ನೆರಡು ವರ್ಷದಲ್ಲಿ ನಾನು ಸೀಯಿಸಿದ್ದು ಅದೊಂದೇ.

ಆಗ ಜಯಕರಣ್ಣನ ಹೆಂಡತಿ ಸರೋಜಿನಿ ಅಕ್ಕ ಒಳಗಿನಿಂದ ಕೈ ಒರೆಸುತ್ತ ಬಂದಳು. ಹೋಟೆಲಿನ ಹಿಟ್ಟು ರುಬ್ಬುವುದು ಅವಳ ಉಸ್ತುವಾರಿ. ನನ್ನ ಕತೆಗಳನ್ನೆಲ್ಲ ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ.

"ಭುಜಂಗಣ್ಣ, ನಂಗೊಂದು ಸಂಶಯ ಉಂಟು," ಅಂದಳು. "ಈ ನಾಸಿಕದ ಚಳಿಗೇ ಹಿಟ್ಟು ಉಬ್ಬುದಿಲ್ಲ, ಗೋಣಿ ಸುತ್ತಿ ಒಲೆ ಬುಡದಲ್ಲಿ ಇಡ್ಬೇಕು. ಆ ಮಂಜಿನಲ್ಲಿ ನೀವು ಸೈನಿಕರಿಗೆ ಇಡ್ಲಿ ಕೊಟ್ಟೆ ಅಂತೀರಲ್ಲ, ಹಿಟ್ಟು ಹ್ಯಾಗೆ ಉಬ್ಬಿತು ಮಾರಾಯ್ರೆ?"

ಎಲ್ಲರೂ ನನ್ನನ್ನೇ ನೋಡಿದರು. ವಿಶ್ವನಾಥಪ್ಪನವರ ಮುಖದಲ್ಲಿ ಭಾವಮೈದುನ ಕಾಣಿಸಿದ.

"ಲಾರಿಯ ಇಂಜಿನ್ ಬಗಲಿಗೆ ಪಾತ್ರೆ ಕಟ್ಟುದು," ಅಂದೆ. ಬಾಯಿಗೆ ಬಂದದ್ದು ಅದು. "ಇಂಜಿನಿನ ಬಿಸಿಗೆ ಹಿಟ್ಟು ದಾರಿಯಲ್ಲೇ ಉಬ್ಬುತ್ತದೆ. ಸಂಜೆ ಇಳಿದ ಕೂಡ್ಲೇ ಇಡ್ಲಿ ಹಾಕುದೇ."

ಸರೋಜಿನಿ ಅಕ್ಕ ನಕ್ಕು ಒಳಗೆ ಹೋದಳು. ತಿಮ್ಮಯ್ಯನವರು ನಗಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಬಿಲ್ಲಿನ ಹಿಂಬದಿಯಲ್ಲಿ ಏನೋ ಗೀಚತೊಡಗಿದರು.

ಎರಡು ವಾರದಲ್ಲಿ ಜೀಪಿನ ಬಾನೆಟ್ಟಿನ ಒಳಗೆ, ಇಂಜಿನ್ ಪಕ್ಕಕ್ಕೆ, ಕಬ್ಬಿಣದ ಪಟ್ಟಿಯ ಒಂದು ತೊಟ್ಟಿಲು ಬಂತು. ಅದರಲ್ಲಿ ಕೂರಲಿಕ್ಕೆ ಮುಚ್ಚಳ ತಿರುಪುವ ಅಲ್ಯೂಮಿನಿಯಂ ಡಬ್ಬಿ. ಜನವರಿಯಲ್ಲಿ ಒಂದು ಪರೀಕ್ಷೆಯ ಓಟ ಎಂದು ಗೊತ್ತುಮಾಡಿದರು: ನಾಸಿಕದಿಂದ ನಿಫಾಡ್, ಯೇವಲೆ, ವೈಜಾಪುರ ಹಾದು ವೇರೂಳು, ಅಂದರೆ ಎಲ್ಲೋರಾ, ಅಲ್ಲಿಂದ ಔರಂಗಾಬಾದ್. "ಹಿಟ್ಟು ಉಬ್ಬಿ ಇಡ್ಲಿ ಆದ್ರ ಮೂರನೇ ಸೀಟು ನಿಮ್ಮದು. ಆಗಲಿಲ್ಲ ಅಂದ್ರ ಸುಧಾಕರಂದು," ಅಂದರು ವಿಶ್ವನಾಥಪ್ಪನವರು. "ಮಾತು ಖರೇ ಇರಬೇಕ್ ನೋಡ್ರಿ."

ಆ ಬೆಳಿಗ್ಗೆಯ ಚಳಿಯನ್ನು ಹೇಳಿದರೆ ನೀವು ನಂಬುವುದಿಲ್ಲ. ಗೋದಾವರಿಯಲ್ಲಿ ಮುಳುಗಿ ಎದ್ದವರು ಮಂತ್ರವನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಉಳಿದ ಅರ್ಧವನ್ನು ದೇವರೇ ಹೇಳಿಕೊಳ್ಳುತ್ತಿದ್ದ. ಸರೋಜಿನಿ ಅಕ್ಕ ನಸುಕಿಗೇ ರುಬ್ಬಿ ಕೊಟ್ಟ ಹಸಿ ಹಿಟ್ಟಿಗೆ ನಿನ್ನೆಯ ಹುಳಿಹಿಟ್ಟು ಎರಡು ಸೌಟು ಬೆರೆಸಿ ನಾನು ಡಬ್ಬಿಗೆ ಸುರಿದೆ. ಹೋಟೆಲಿನವರ ಕೈಗೆ ಒಂದು ಲೆಕ್ಕ ಇರುತ್ತದೆ. ಉಬ್ಬುವ ಹಿಟ್ಟಿಗೆ ಜಾಗ ಬಿಡಬೇಕು: ಬೇಸಿಗೆಯಲ್ಲಿ ಪಾತ್ರೆ ಅರ್ಧ, ಚಳಿಗಾಲದಲ್ಲಿ ಮುಕ್ಕಾಲು. ಅದಕ್ಕೆ ತಲೆ ಬೇಕಿಲ್ಲ, ಕೈಯೇ ಮಾಡಿಬಿಡುತ್ತದೆ. ಜನವರಿ ತಿಂಗಳು, ಕೈ ಮುಕ್ಕಾಲು ತುಂಬಿತು.

ನಿಫಾಡ್ ದಾಟುವ ತನಕ ಮೂವರ ಹಲ್ಲಿನ ಸದ್ದು ಇಂಜಿನಿಗಿಂತ ಜೋರಾಗಿತ್ತು. ಯೇವಲೆಯಲ್ಲಿ ಬಿಸಿಲು ಬಂತು. ತಿಮ್ಮಯ್ಯನವರು ಒಮ್ಮೆ ನಿಲ್ಲಿಸಿ ಬಾನೆಟ್ಟು ಎತ್ತಿ ಡಬ್ಬಿ ಮುಟ್ಟಿ ನೋಡಿ, "ಬೆಚ್ಚಗಿದೆ," ಅಂದರು. ನನ್ನ ಎದೆಯೂ ಬೆಚ್ಚಗಾಯಿತು. ಸುಳ್ಳೊಂದು ನಿಜವಾಗುವುದನ್ನು ಹತ್ತಿರದಿಂದ ನೋಡುವ ಸುಖ ಎಲ್ಲರಿಗೂ ಸಿಗುವುದಿಲ್ಲ. ಸೀಟಿನ ಅಂಚನ್ನು ಕೈಯಿಂದ ಸವರಿ ನೋಡಿಕೊಂಡೆ.

ವೈಜಾಪುರ ಇನ್ನೂ ಎರಡು ಮೈಲಿ ಇತ್ತು. ಎರಡೂ ಕಡೆ ಜೋಳದ ಹೊಲ, ಮನೆಯ ಸುಳಿವಿಲ್ಲ. ವಿಶ್ವನಾಥಪ್ಪನವರು ಮೂಗು ಅರಳಿಸಿದರು.

"ಯಾರೋ ದ್ವಾಸಿ ಹಾಕಾಕತ್ತಾರ."

"ಇಲ್ಲಿ ಯಾರು ಹಾಕ್ತಾರ್ರೀ?" ಅಂದರು ತಿಮ್ಮಯ್ಯನವರು.

"ವಾಸನಿ ಸುಳ್ಳ ಹೇಳೂದಿಲ್ಲ."

ಅಷ್ಟರಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಬಿಳೀ ಹೊಗೆ. ತೆಗೆದು ನೋಡಿದರೆ, ಡಬ್ಬಿಯ ಮುಚ್ಚಳ ಹಾರಿಹೋಗಿದೆ. ಹಿಟ್ಟು ಉಬ್ಬಿ, ಉಕ್ಕಿ, ಇಂಜಿನ್ ಮೇಲೆಲ್ಲ ಹರಿದಿದೆ. ಫ್ಯಾನಿನ ಬೆಲ್ಟು ಬಿಳಿಯಾಗಿದೆ, ತಂತಿಗಳು ತೊಯ್ದಿವೆ. ಹೊಗೆ ಹೋಗುವ ಕೊಳವೆಯ ಮೇಲೆ ಮಾತ್ರ ಉದ್ದಕ್ಕೆ ಒಂದು ದೋಸೆ, ಅಂಚು ಕೆಂಪಗೆ. ವಿಶ್ವನಾಥಪ್ಪನವರು ಅದರ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡರು. "ಪೆಟ್ರೋಲ್ ವಾಸನಿ ಐತಿ. ಆದರ ಗರಿಗರಿ ಐತಿ."

ತಿಮ್ಮಯ್ಯನವರು ಡಬ್ಬಿಯ ಒಳಗೆ ಇಣುಕಿದರು. ಹಿಟ್ಟಿನ ಹಳೇ ಮಟ್ಟದ ಗುರುತು ಗೋಡೆಯ ಮೇಲೆ ಒಣಗಿ ಕಾಣುತ್ತಿತ್ತು. ಅದನ್ನು ಬೆರಳಿನಿಂದ ಅಳೆದರು.

"ಮುಕ್ಕಾಲು ತುಂಬಿದೀರ."

"ಚಳಿಗಾಲ ಅಲ್ಲವಾ," ಅಂದೆ.

"ಹೊರಗೆ ಚಳಿಗಾಲ. ಇಂಜಿನ್ ಪಕ್ಕ ಯಾವಾಗ್ಲೂ ಬೇಸಿಗೆ." ಅವರ ದನಿ ಏರಲಿಲ್ಲ. "ಒಂದೇ ಒಂದು ಸಲ ಇಂಜಿನ್ ಬಗಲಲ್ಲಿ ಹಿಟ್ಟು ಒಯ್ದವರು ಈ ತಪ್ಪು ಮಾಡಲ್ಲ ಭುಜಂಗರೇ."

ರಸ್ತೆ ಬದಿಯ ಬೇವಿನ ಮರದಲ್ಲಿ ಒಂದು ಕಾಗೆ ಇತ್ತು. ಅದೂ ನನ್ನನ್ನೇ ನೋಡುತ್ತಿತ್ತು. ಬಾಯಿಗೆ ನಾಲ್ಕು ಕತೆ ಬಂದವು. ಆ ಲಾರಿ ಬೇರೆ ನಮೂನೆಯದು, ಆ ಅಕ್ಕಿ ಬೇರೆ, ಆ ದೇಶದ ಉದ್ದು ಸೋಮಾರಿ. ಯಾವುದಾದರೂ ನಡೆಯುತ್ತಿತ್ತೇನೋ. ಆದರೆ ಆ ಮನುಷ್ಯ ಎರಡು ವಾರ ಕೂತು ನನ್ನ ಸುಳ್ಳಿಗೆ ಕಬ್ಬಿಣದ ತೊಟ್ಟಿಲು ಮಾಡಿದ್ದ.

"ನಾನು ಎಲ್ಲಿಗೂ ಹೋಗ್ಲಿಲ್ಲ ತಿಮ್ಮಯ್ಯನೋರೆ," ಅಂದೆ. "ಯುದ್ಧದಲ್ಲಿ ನಾನು ಹುಬ್ಬಳ್ಳಿಯಲ್ಲಿ ಚಟ್ನಿ ರುಬ್ತಾ ಇದ್ದೆ. ದಾರಿ ನಂಗೆ ಗೊತ್ತಿಲ್ಲ. ಹೋಗುವ ಆಸೆ ಮಾತ್ರ ಉಂಟು. ಅದು ಸುಳ್ಳಲ್ಲ."

"ಹುಬ್ಬಳ್ಳ್ಯಾಗ ಎಲ್ಲಿ?" ವಿಶ್ವನಾಥಪ್ಪನವರು ಕೇಳಿದರು.

"ಸ್ಟೇಶನ್ ಎದುರಿಗೆ."

"ಆ ಚಟ್ನಿ ಛಲೋ ಇರತಿತ್ತು," ಅಂದು ಅವರು ಇನ್ನೊಂದು ತುಂಡು ಮುರಿದರು.

ತಿಮ್ಮಯ್ಯನವರು ಹೊಲದ ಬಾವಿಯಿಂದ ನೀರು ತರಲು ಹೋದರು. ಬೆಲ್ಟು ತೊಳೆದು, ತಂತಿ ಒರೆಸಿ, ಒಣಗಿಸುವುದಕ್ಕೆ ಎರಡು ಗಂಟೆ ಹಿಡಿಯಿತು. ಒರೆಸುತ್ತ ಒರೆಸುತ್ತ ಅವರು ತಮ್ಮ ಕೆಲಸದ ಮಾತು ತೆಗೆದರು. "ನಮ್ಮಲ್ಲಿ ಕೆಟ್ಟ ಸಾಮಾನಿಗೆ ಕೆಂಪು ಚೀಟಿ ಕಟ್ತೀವಿ. ಕೆಡಿಸಿದವನನ್ನ ಯಾರೂ ಬೈಯಲ್ಲ. ಚೀಟಿ ಕಟ್ಟದೆ ಒಳ್ಳೇ ಸಾಮಾನಿನ ಜೊತೆ ಇಟ್ಟವನು ಮಾತ್ರ ಮಾರನೇ ದಿನ ಗೇಟಿನ ಒಳಗೆ ಬರಲ್ಲ. ವಿಮಾನ ನೋಡಿ, ಮೇಲೆ ಹೋದ ಮೇಲೆ ಚೀಟಿ ಕಟ್ಟೋಕೆ ಆಗಲ್ಲ."

ನಾನು ಸೀಟಿನ ಆಸೆ ಬಿಟ್ಟೆ. ಬಿಟ್ಟ ಮೇಲೆ ಕೆಲಸ ಚೆನ್ನಾಗಿ ಆಯಿತು.

ವೇರೂಳು ತಲುಪಿದಾಗ ಮಧ್ಯಾಹ್ನ ಮೂರು. ದೇವಸ್ಥಾನದ ಹತ್ತಿರದ ಧರ್ಮಶಾಲೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಡಬ್ಬಿಯಲ್ಲಿ ಉಳಿದಿದ್ದ ಹಿಟ್ಟಿನಿಂದ ಇಡ್ಲಿ ಹಾಕಿದೆ. ಇಡ್ಲಿ ಹೇಗಿತ್ತು ಎಂದರೆ, ತಟ್ಟೆಯಿಂದ ಎದ್ದು ಹೋಗದಂತೆ ಮೇಲೊಂದು ಕೈ ಇಟ್ಟುಕೊಂಡು ತಿನ್ನಬೇಕು. ವಿಶ್ವನಾಥಪ್ಪನವರು ಹದಿನಾಲ್ಕು ತಿಂದು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಸುಧಾಕರಗ ಇಡ್ಲಿ ಮಾಡಾಕ ಬರೂದಿಲ್ಲ," ಅಂದರು, ಕಣ್ಣು ತೆರೆಯದೆ.

"ಅರ್ಧ ತುಂಬಿದ್ರೆ ಸರಿಯಾಗಿರ್ತಿತ್ತು," ತಿಮ್ಮಯ್ಯನವರು ನನ್ನ ಕಡೆ ತಿರುಗಿದರು. "ಇಂಜಿನ್ ಪಕ್ಕ ಹಿಟ್ಟು ಒಯ್ದು ಬಲ್ಲವರು ಈಗ ನೀವೊಬ್ಬರೇ. ಅಡುಗೆಯವರಾಗಿ ಬನ್ನಿ. ದಾರಿ ನಕಾಶೆ ತೋರಿಸುತ್ತೆ. ಆದ್ರೆ ಚೀಟಿ ಕಟ್ಕೊಂಡು ಬರ್ಬೇಕು. ಸಾಮಾನು ಎಲ್ಲಿಟ್ಟಿದ್ರೋ ಅಲ್ಲೇ ಕಟ್ಬೇಕು."

ಆ ಮಾತು ನನಗೆ ಅರ್ಥವಾದದ್ದು ಔರಂಗಾಬಾದಿಗೆ ಹೋಗಿ ನಾಸಿಕಕ್ಕೆ ತಿರುಗಿ ಬಂದ ಮೇಲಿನ ರವಿವಾರ. ತಿಂಡಿಯ ಹೊತ್ತು, ಹೋಟೆಲು ತುಂಬಿತ್ತು. ತಿಮ್ಮಯ್ಯನವರು ವೀಸಾದ ಅರ್ಜಿ ತಂದು ಕಾವಲಿಯ ಪಕ್ಕದ ಕಲ್ಲಿನ ಮೇಲೆ ಇಟ್ಟರು. ನನಗೆ ಬರೆಯಲು ಬಾರದು. ಅವರೇ ಓದಿ ಅವರೇ ತುಂಬುತ್ತಿದ್ದರು. ಹೆಸರು, ತಂದೆಯ ಹೆಸರು, ಊರು. ಆಮೇಲೆ ಪೆನ್ನು ನಿಲ್ಲಿಸಿ, ಯಾವಾಗಿನ ಮೆಲುದನಿಯಲ್ಲೇ ಓದಿದರು.

"ಹಿಂದೆ ಯಾವ ಯಾವ ಪರದೇಶಕ್ಕೆ ಹೋಗಿದ್ದೀರಿ?"

ಎಲ್ಲ ಮೇಜಿನವರೂ ಕಿವಿ ಕೊಟ್ಟರು. ಅವರಿಗೆ ಆ ಪಟ್ಟಿ ಬಾಯಿಪಾಠ ಇತ್ತು. ಜಯಕರಣ್ಣ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಎಣಿಸುವುದನ್ನು ಬಿಟ್ಟ. ಸರೋಜಿನಿ ಅಕ್ಕ ಒಳಬಾಗಿಲಿಗೆ ಬಂದು ನಿಂತಳು. ನಾನು ದೋಸೆಯೊಂದನ್ನು ಮಡಚಿ ತಟ್ಟೆಗೆ ಹಾಕಿದೆ. ಅದು ಸೀಯಲಿಲ್ಲ.

"ಎಲ್ಲಿಗೂ ಇಲ್ಲ ಅಂತ ಬರೀರಿ," ಅಂದೆ. ಹಿಂದಿನ ಮೇಜಿಗೂ ಕೇಳುವ ಹಾಗೆ ಹೇಳಿದೆ. "ಘಟ್ಟ ಹತ್ತಿ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ನಾಸಿಕ. ಅಷ್ಟೇ."

ತಿಮ್ಮಯ್ಯನವರು ಬರೆದರು. ಒಂದು ಮೇಜಿನಲ್ಲಿ ಯಾರೋ ನಕ್ಕರು. ಇನ್ನೊಂದರಲ್ಲಿ, "ಹಾಗಾದ್ರೆ ಚಹಾ ಮೊಳಕ್ಕೆ ಎಷ್ಟು ಭುಜಂಗಶೇಟ್?" ಎಂದು ಕೇಳಿದರು. ಸರೋಜಿನಿ ಅಕ್ಕ ನಗಲಿಲ್ಲ. ಒಳಗೆ ಹೋಗಿ ರುಬ್ಬುವ ಕಲ್ಲಿನ ಮುಂದೆ ಕೂತಳು.

ಶಾಂತಾಬಾಯಿ ಮಾತ್ರ ಕೈಯಲ್ಲಿ ಬೂದಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಹನ್ನೆರಡು ವರ್ಷ ನಮ್ಮ ಜೊತೆ ಇದ್ದು ಮರಾಠಿ ಬೆರೆತ ಅವಳದ್ದೊಂದು ಕನ್ನಡ ತಯಾರಾಗಿತ್ತು.

"ಅಂದ್ರೆ, ತಿಕಡೆ, ಅಲ್ಲಿ, ಪಾತ್ರೆ ತಟ್ಟಿದ್ರೆ ಬೀಳೂದು, ಅದು ಪಣ ಖೋಟಂ ಕಾ? ಸುಳ್ಳಾ?"

ಉಳಿದದ್ದಕ್ಕೆಲ್ಲ ನಾಚಿಕೆಯಾಗದವನಿಗೆ ಅದಕ್ಕೆ ಆಯಿತು. ಸಟ್ಟುಗ ಕೆಳಗಿಟ್ಟೆ.

"ಗೊತ್ತಿಲ್ಲ ಬಾಯಿ," ಅಂದೆ. "ಒಂದು ಪಾತ್ರೆ ತಿಕ್ಕದೆ ಹಾಗೇ ಕೊಡು. ಜೀಪಿನಲ್ಲಿ ಹಾಕ್ಕೊಂಡು ಹೋಗ್ತೇನೆ. ಅಲ್ಲಿ ತಟ್ಟಿ ನೋಡಿ ಬಂದು ಹೇಳ್ತೇನೆ."

ಅವಳು ಹಿಂಬದಿಗೆ ಹೋಗಿ, ರಾಶಿಯಲ್ಲಿ ಹುಡುಕಿ, ತಳ ಹಿಡಿದಿದ್ದ ಒಂದು ಚಿಕ್ಕ ಪಾತ್ರೆಯನ್ನು ಬೇರೆ ಇಟ್ಟಳು.